ಒಂಬತ್ತು ಸಲ ಅಳೆದು

ಟಾರ್ಟುವಿನ ವೈದ್ಯೆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಳು.
ಮುಂಗಾಲಿನ ಗೆಣ್ಣಿನ ಮೇಲೆ
ಎಲುಬಿನ ಅಂಚು ಕರಗಿ ಕರಗಿ
ಸಕ್ಕರೆ ಚೂರಿನ ಹಾಗೆ.
'ಹುಳು ಹಿಡಿದಿದೆ' ಅಂದ ಎಂಡೆಲ್, ತನಗೆ ತಾನೇ.
ಕುರ್ಚಿ ಮಾಡುವವನಿಗೆ ಬೇರೆ ಮಾತು ಎಲ್ಲಿಂದ ಬರಬೇಕು.
ಅವಳು ಹೇಳಿದ ಹೆಸರು ಉದ್ದದ್ದು.
ರಸೀದಿಯ ಬೆನ್ನಿಗೆ ಬರೆದುಕೊಂಡೆ, ಒಂದಕ್ಷರ ತಪ್ಪಾಗಿ.
ಇವತ್ತಿಗೂ ತಿದ್ದಿಲ್ಲ.

ಕಾಲು ತೆಗೆದು ಕೀಮೋ ಕೊಟ್ಟರೆ
ವರ್ಷ ಸಿಗಬಹುದು, ಸಿಗದೆಯೂ ಇರಬಹುದು.
ಕಾಲನ್ನಷ್ಟೇ ತೆಗೆದರೆ ಬೇಸಿಗೆಯವರೆಗೆ.
ಬರೀ ನೋವಿನ ಮಾತ್ರೆ ಕೊಡುತ್ತ ಹೋದರೆ
ಯಾವತ್ತೋ ಮೆಟ್ಟಿಲಿಳಿಯುವಾಗ
ಎಲುಬು ತಾನಾಗಿಯೇ ಮುರಿಯುತ್ತದೆ.
ಅವಳು ಇಷ್ಟು ಹೇಳಿ ಮುಗಿಸುವಷ್ಟರಲ್ಲಿ
ಪೊಂಟು ಅವಳ ಒಂದು ಶೂ ಲೇಸು ಬಿಚ್ಚಿದ್ದ.

ನಮ್ಮದು ದ್ವೀಪ. ಸುದ್ದಿ ನಮಗಿಂತ ಮುಂಚಿನ ಹಡಗಿನಲ್ಲೇ ಬಂದಿತ್ತು.
ಲೆಂಬಿಟ್ ಬೇಲಿಗೆ ಒರಗಿ ಹೇಳಿದ:
ನನ್ನಪ್ಪನಾಗಿದ್ದರೆ ಸೌನಾದ ಹಿಂದಕ್ಕೆ ಕರೆದುಕೊಂಡು ಹೋಗುತ್ತಿದ್ದ,
ಒಂದು ಗುಂಡಿನ ಖರ್ಚು.
ಹೇಳಿದವನೇ ಒಳಗೆ ಹೋಗಿ
ಹೊಗೆಯಲ್ಲಿ ಸುಟ್ಟ ಮೀನು ತಂದುಕೊಟ್ಟ,
ಮಾತ್ರೆ ಅಡಗಿಸಿಡಲಿಕ್ಕೆ.

ಸೌನಾಕ್ಕೆ ಹೊಸ ಒಲೆಯೆಂದು ಕೂಡಿಟ್ಟ ದುಡ್ಡಿತ್ತು.
ಅದರ ಮಾತು ಇಬ್ಬರೂ ಎತ್ತಲಿಲ್ಲ.
ಎಂಡೆಲ್ ಒಂದು ಸ್ಟೂಲು ತಂದು
ಅಡುಗೆಮನೆಯ ಉಬ್ಬುತಗ್ಗಿನ ನೆಲದ ಮೇಲಿಟ್ಟ.
ನೋಡು ಹೆಲ್ವೆ, ಮೂರು ಕಾಲಿನದು ಎಂಥ ನೆಲದಲ್ಲೂ ಅಲ್ಲಾಡುವುದಿಲ್ಲ.
ಕುಂಟುವುದೇನಿದ್ದರೂ ನಾಲ್ಕು ಕಾಲಿನದು.

ಸ್ಟೂಲಿಗೆ ಹಡಗಿನ ಕೂಗು ಕೇಳಿಸುವುದಿಲ್ಲ, ಅಂದೆ.
ಕೂಗು ಕೇಳಿದ್ದೇ ಬಂದರಿನವರೆಗೂ
ಓಡಬೇಕು ಅನ್ನಿಸುವುದಿಲ್ಲ ಅದಕ್ಕೆ.

ಆಮೇಲೆ ನಾಲ್ಕು ದಿನ
ಉಪ್ಪು ಕೊಡು, ಬಾಗಿಲು ಹಾಕು, ಇಷ್ಟೇ ಮಾತು.

ಯಾರಿಗೂ ಹೇಳಿಲ್ಲ ನಾನು:
ಒಂದು ರಾತ್ರಿ ನೆಲದಲ್ಲಿ ಕೂತು
ಊದಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದೆ.
ಎಷ್ಟು ನೋಯುತ್ತದೆ ಅಂತ ತಿಳಿಯಬೇಕಿತ್ತು.
ಅವನೇ ಹೇಳಲಿ, ನನ್ನ ತಲೆಯಿಂದ ಇಳಿಯಲಿ ಅಂತಲೂ ಇರಬೇಕು.
ಕಾಲು ಎಳೆದುಕೊಂಡ.
ಎಳೆದುಕೊಂಡದ್ದೇ ತಪ್ಪಾಯಿತೇನೋ ಎಂಬಂತೆ
ಅದೇ ಹೆಬ್ಬೆರಳನ್ನು ನೆಕ್ಕಿದ.

ಒಂಬತ್ತು ಸಲ ಅಳೆ, ಒಂದು ಸಲ ಕೊಯ್ಯಿ,
ಇದು ನಮ್ಮ ಕಡೆಯ ಗಾದೆ.
ಹತ್ತನೆಯ ಸಲವೂ ಅಳೆಯುತ್ತ ಕೂತವರಿಗೆ
ಗಾದೆಯಲ್ಲಿ ಜಾಗವಿಲ್ಲ.
ವಾರವಿಡೀ ಎಂಡೆಲ್ ಗರಗಸ ಮುಟ್ಟಿರಲಿಲ್ಲ,
ಅರ್ಧ ಮುಗಿದ ಕುರ್ಚಿಗಳು
ಗೋಡೆ ನೋಡುತ್ತ ನಿಂತಿದ್ದವು.

ಐದನೆಯ ಬೆಳಿಗ್ಗೆ ಬಾಗಿಲು ತೆರೆದರೆ ಮೆಟ್ಟಿಲುಗಳೇ ಇಲ್ಲ.
ಅಲ್ಲಿ ಒಂದು ಇಳಿಜಾರು ಹಲಗೆ, ಈಗಷ್ಟೇ ಉಜ್ಜಿದ್ದು,
ಉಗುರಿಗೆ ಹಿಡಿತ ಸಿಗಲೆಂದು ಅಡ್ಡಪಟ್ಟಿ,
ಗೇಣಿಗಿಂತ ಹತ್ತಿರ ಹತ್ತಿರ.
ಎಂಡೆಲ್ ಅದರ ತುದಿಯಲ್ಲಿ ಕೂತು
ಅಂಗೈಯ ಸಿಬಿರು ಕೀಳುತ್ತಿದ್ದ.
'ಕಾಲು ಮೂರಾದರೂ ಬೇಕು, ನಾಲ್ಕೇ ಇದ್ದರೂ ಬೇಕು' ಅಂದ.
ಪೊಂಟು ಹಲಗೆಯನ್ನು ಮೂಸಿ
ಪಕ್ಕದಿಂದ ಹಾರಲು ಹೋದ.
ಇಬ್ಬರೂ ಒಟ್ಟಿಗೇ ಕೂಗಿದೆವು.
ಆ ಕೂಗಿನಲ್ಲಿಯೇ ಅದು ತೀರ್ಮಾನವಾಯಿತು ಅಂತ
ಈಗ ಅನ್ನಿಸುತ್ತದೆ.

ಗುರುವಾರ, ಒಂಬತ್ತು ಗಂಟೆಗೆ ಕೊಟ್ಟಿದ್ದಾರೆ.
ಸರಿಯೋ ತಪ್ಪೋ, ನನಗೆ ಗೊತ್ತಿಲ್ಲ.
ಹೆಲ್ಟರ್ಮಾ ಬಂದರಿನ ಗಾಜಿನ ಹಿಂದೆ
ಇಪ್ಪತ್ತೆರಡು ವರ್ಷ ನಾನು ಕೂತ ಕುರ್ಚಿಯಲ್ಲಿ
ಬುಧವಾರ ಮಾಯ್ರೆ ಕೂತಿದ್ದಳು.
ದಿನಕ್ಕೆ ನೂರು ಸಲ ನಾನು ಕೇಳುವುದನ್ನೇ ಕೇಳಿದಳು:
ಹೋಗುವುದಕ್ಕಷ್ಟೇಯಾ, ವಾಪಸ್ಸಿಗೂ ಸೇರಿಸಿಯಾ?

ಸೇರಿಸಿ, ಅಂದೆ. ಗಾಡಿ ಒಂದು, ಜನ ಇಬ್ಬರು.
ನಾಯಿಗೆ ಟಿಕೆಟ್ ಬೇಡ, ನನಗೆ ಗೊತ್ತಿಲ್ಲದ ನಿಯಮವೇ.
ಆದರೂ ಚೀಟಿ ಕೈಗೆ ಬಂದ ಮೇಲೂ ಗಾಜಿನ ಮುಂದೆ ನಿಂತೇ ಇದ್ದೆ,
ಹೋಗುವಾಗ ಕಾಲೆಷ್ಟು, ಬರುವಾಗ ಎಷ್ಟು
ಅಂತ ಇನ್ನೂ ಬರೆಸುವುದಿದೆಯೇನೋ ಎಂಬಂತೆ.